ತಡವಾಗಿ ಬಂದ ಸೇತುವೆ

ನಮ್ಮೂರು ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು. ಇಲ್ಲಿನ ಚೆಕ್‌ಪೋಸ್ಟ್ ರಾತ್ರಿ 9ಕ್ಕೆ ಮುಚ್ಚಿತೆಂದರೆ ವಯನಾಡಿನ ಕಡೆಗೆ ಹೊರಟ ವಾಹನಗಳು ಬೆಳಿಗ್ಗೆ 6ರವರೆಗೆ ಕಾಯಬೇಕು. ಬಂಡೀಪುರದ ಪ್ರಾಣಿಗಳಿಗಾಗಿ ಅಷ್ಟು ಕಾಯುವುದು ನ್ಯಾಯವೆಂದೇ ನಂಬಿದವನು ನಾನು. ಆದರೂ ಕಾಯುವ ಕಷ್ಟ ಗೊತ್ತು. ಅದಕ್ಕೇ ಇರಬೇಕು, ಶರಾವತಿ ಹಿನ್ನೀರಿನ ಹೊಸ ಸೇತುವೆ ನೋಡಲು ಹೋದಾಗ ಮೊದಲು ಹುಡುಕಿದ್ದು ಲಾಂಚ್ ನಿಲ್ಲುತ್ತಿದ್ದ ಜಾಗವನ್ನು.

2025ರ ಜುಲೈ 14ರಂದು ಉದ್ಘಾಟನೆಯಾದ ಇದು ಸಾಗರ ತಾಲ್ಲೂಕಿನ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳನ್ನು ಸೇರಿಸುತ್ತದೆ. ಉದ್ದ ಸುಮಾರು 2.4 ಕಿ.ಮೀ., ವೆಚ್ಚ 400 ಕೋಟಿ ರೂಪಾಯಿಗೂ ಮಿಕ್ಕಿದ್ದು. ಜನ ತೂಗುಸೇತುವೆ ಅನ್ನುತ್ತಾರೆ, ಆದರೆ ಇಲ್ಲಿ ತೂಗುವುದು ಏನೂ ಇಲ್ಲ. ಗೋಪುರಗಳಿಂದ ಓರೆಯಾಗಿ ಇಳಿದ ಕೇಬಲ್‌ಗಳು ರಸ್ತೆಯನ್ನು ನೇರವಾಗಿ ಹಿಡಿದೆಳೆಯುತ್ತವೆ. ಭಾರ ಗೋಪುರದ ಮೂಲಕ ತಳಕ್ಕೆ ಇಳಿಯುತ್ತದೆ. ಹಾಗಾಗಿ ಆಳದ ನೀರಿನಲ್ಲಿ ಕಂಬಗಳನ್ನು ದೂರದೂರ ನಿಲ್ಲಿಸಬಹುದು. ಕೇಬಲ್‌ಗಳಿರುವುದು ನಡುಭಾಗದಲ್ಲಿ ಮಾತ್ರ, ಉಳಿದದ್ದು ಸಾದಾ ಸೇತುವೆ. ಬೇಕಾದಲ್ಲಷ್ಟೇ ಮೈಮುರಿದು ನಿಂತ ಈ ಸಂಯಮ ನನಗೆ ಹಿಡಿಸಿತು.

ನನ್ನ ತಕರಾರು ಹೆಸರಿನ ಬಗ್ಗೆ. ಎಲ್ಲರ ಬಾಯಲ್ಲೂ ಇದು ಸಿಗಂದೂರು ಸೇತುವೆ. ಚೌಡೇಶ್ವರಿಯ ದರ್ಶನಕ್ಕೆ ಬರುವ ಯಾತ್ರಿಕರ ಗುರುತು ಅದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ನೀರಿನಾಚೆ ಉಳಿದ ತುಮರಿ ಸೀಮೆಯವರು ಆ ಹೆಸರಿನಲ್ಲಿ ಕಾಣುವುದಿಲ್ಲ. ನಾಡಿಗೆಲ್ಲ ವಿದ್ಯುತ್ ಕೊಟ್ಟವರು ಆಸ್ಪತ್ರೆಗೂ ಕಾಲೇಜಿಗೂ ಲಾಂಚಿನ ವೇಳೆ ನೋಡಿ ಹೊರಡುತ್ತಿದ್ದರು. ಅವರು ಕಾದದ್ದು ಅರವತ್ತು ವರ್ಷ.

ಅವರ ಕತೆ ನಮಗೆ ತಲುಪಿದ್ದು ಸೇತುವೆಗಿಂತ ಬಹಳ ಮೊದಲೇ, ನಾ. ಡಿಸೋಜರ ‘ದ್ವೀಪ’ ಕಾದಂಬರಿಯ ಮೂಲಕ. ಗಿರೀಶ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದರು. ಓದಿ, ನೋಡಿ, ಮರುಗಿ ನಾವು ಸುಮ್ಮನಾದೆವು. ಸೇತುವೆ ತೆರೆಯುವ ಆರು ತಿಂಗಳ ಹಿಂದೆ ಡಿಸೋಜರು ತೀರಿಕೊಂಡರು.

ಹಾಗೆಂದು ಈ ಕೆಲಸ ಸಣ್ಣದೆನ್ನಲಾರೆ. ಮುಳುಗಿದ ಗದ್ದೆ ಮರಳಿ ಬರುವುದಿಲ್ಲ, ನಿಜ. ಆದರೆ ನಡುರಾತ್ರಿ ಮಗುವಿಗೆ ಜ್ವರ ಏರಿದರೆ ತುಮರಿಯ ತಾಯಿ ಇನ್ನು ಬೆಳಗಿನ ಲಾಂಚಿಗೆ ಕಾಯಬೇಕಿಲ್ಲ. ಸಂಜೆ ದೀಪ ಹತ್ತಿದ ಕೇಬಲ್‌ಗಳ ಫೋಟೊ ತೆಗೆಯುತ್ತಿದ್ದವರ ನಡುವೆ ನಿಂತು ನಾನು ನೆನೆದದ್ದು ಅವಳನ್ನು.