ಉಪ್ಪಿನಕಾಯಿಗೆ ಬಂದ ಪದಕ

ಅಮೆರಿಕದಲ್ಲಿ ಅಡುಗೆಯವರಿಗೆ, ಹೋಟೆಲುಗಳಿಗೆ, ಊಟತಿಂಡಿಯ ಬಗ್ಗೆ ಬರೆಯುವವರಿಗೆ ಕೊಡುವ ದೊಡ್ಡ ಪ್ರಶಸ್ತಿ ಜೇಮ್ಸ್ ಬಿಯರ್ಡ್ ಪ್ರಶಸ್ತಿ. ಅದನ್ನು ಊಟದ ಆಸ್ಕರ್ ಎಂದು ಕರೆಯುವುದು ಪತ್ರಿಕೆಗಳ ರೂಢಿ. ನನಗೆ ಈ ಹೋಲಿಕೆ ಹಿಡಿಸುವುದಿಲ್ಲ. ಆಸ್ಕರ್ ಗೆದ್ದ ಸಿನಿಮಾವನ್ನು ಮೈಸೂರಿನಲ್ಲಿ ಕೂತು ನೋಡಬಹುದು. ಬಿಯರ್ಡ್ ಪ್ರಶಸ್ತಿ ಗೆದ್ದ ಹೋಟೆಲಿನ ಊಟ ಬೇಕೆಂದರೆ ಆ ಊರಿಗೇ ಹೋಗಬೇಕು, ಹೋದರೂ ತೀರ್ಪುಗಾರರು ಉಂಡ ಆ ದಿನದ ಊಟ ಸಿಕ್ಕುವುದಿಲ್ಲ. ನನ್ನಂಥ ದೂರದ ಓದುಗನಿಗೆ ಈ ಪ್ರಶಸ್ತಿಯಿಂದ ದಕ್ಕುವುದು ಪುಸ್ತಕವೊಂದೇ. ಶೆಫ್‌ಗಳ ಪದಕಪ್ರದಾನಕ್ಕೆ ಸಿಗುವ ಸಂಭ್ರಮ ಪುಸ್ತಕಗಳ ವಿಭಾಗಕ್ಕೆ ಸಿಗುವುದಿಲ್ಲ. ಆದರೂ ಈ ಪ್ರಶಸ್ತಿಯ ಬೆಲೆ ಕಟ್ಟುವುದಾದರೆ ಅಲ್ಲಿಂದಲೇ ಕಟ್ಟಬೇಕು ಎಂದು ನನ್ನ ವಾದ.

ಜೇಮ್ಸ್ ಬಿಯರ್ಡ್ ಹುಟ್ಟಿದ್ದು 1903ರಲ್ಲಿ, ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ. ನಟನಾಗಲು ಹೊರಟವನು ಅಡುಗೆ ಪುಸ್ತಕಗಳ ಲೇಖಕನಾದ, 1946ರಲ್ಲೇ ಟಿವಿಯಲ್ಲಿ ಅಡುಗೆ ಮಾಡಿ ತೋರಿಸಿದ. 1985ರಲ್ಲಿ ತೀರಿಕೊಂಡಾಗ ನ್ಯೂಯಾರ್ಕಿನ ಅವನ ಮನೆಯನ್ನು ಉಳಿಸಿಕೊಳ್ಳಬೇಕೆಂದು ಗೆಳೆಯರು ಪ್ರತಿಷ್ಠಾನ ಕಟ್ಟಿದರು. ಪ್ರಶಸ್ತಿ ಶುರುವಾದದ್ದು ಆಮೇಲೆ, ಮೊದಲ ಸಲ ಕೊಟ್ಟದ್ದು 1991ರಲ್ಲಿ. ಬಿಯರ್ಡ್ 1964ರಲ್ಲಿ ಬರೆದ ಆತ್ಮಕತೆಯಲ್ಲಿ ತನ್ನ ತಾಯಿಯ ಜೊತೆ ಕೆಲಸ ಮಾಡುತ್ತಿದ್ದ ಚೀನಾದ ಅಡುಗೆಯವನೊಬ್ಬನನ್ನು, ಲೆಟ್ ಎಂಬವನನ್ನು, ಮನಸಾರೆ ನೆನೆಯುತ್ತಾನೆ. ಅವನ ನಾಲಿಗೆ ತಿದ್ದಿದವರಲ್ಲಿ ಲೆಟ್ ಒಬ್ಬ. ಪದಕದ ಮೇಲೆ ಇರುವುದು ಬಿಯರ್ಡನ ಮುಖ. ಇದರಲ್ಲಿ ಅನ್ಯಾಯ ಹುಡುಕಬೇಕಿಲ್ಲ, ಪದಕದಲ್ಲಿ ಒಂದೇ ಮುಖಕ್ಕೆ ಜಾಗ. ಪುಸ್ತಕದಲ್ಲಿ ಹಾಗಲ್ಲ.

2016ರಲ್ಲಿ ಈ ಪ್ರಶಸ್ತಿ ಪಡೆದ ಪುಸ್ತಕಗಳಲ್ಲಿ ಟೋನಿ ಟಿಪ್ಟನ್-ಮಾರ್ಟಿನ್ ಬರೆದ 'ದಿ ಜೆಮೈಮಾ ಕೋಡ್' ಒಂದು. ನೋಡಲು ಇದೊಂದು ಗ್ರಂಥಸೂಚಿ. ಎರಡು ಶತಮಾನಗಳಲ್ಲಿ ಆಫ್ರಿಕನ್ ಅಮೆರಿಕನ್ನರು ಬರೆದ ನೂರೈವತ್ತಕ್ಕೂ ಹೆಚ್ಚು ಅಡುಗೆ ಪುಸ್ತಕಗಳ ಮುಖಪುಟ, ಒಂದೆರಡು ಒಳಪುಟ, ಜೊತೆಗೆ ಲೇಖಕಿಯ ಟಿಪ್ಪಣಿ. ಹೆಸರಿನಲ್ಲಿರುವ ಜೆಮೈಮಾ ದೋಸೆಹಿಟ್ಟಿನಂಥ ಪ್ಯಾನ್‌ಕೇಕ್ ಪುಡಿಯ ಪೊಟ್ಟಣದ ಮೇಲೆ ತಲೆಗೆ ಬಟ್ಟೆ ಕಟ್ಟಿಕೊಂಡು ನಗುತ್ತಿದ್ದ ಕಪ್ಪು ಹೆಂಗಸು. ಆ ಚಿತ್ರ ಹೇಳುತ್ತಿದ್ದದ್ದು ಇಷ್ಟು: ಈಕೆಗೆ ಅಡುಗೆ ಹುಟ್ಟಿನಿಂದ ಬಂದದ್ದು, ಕಲಿತದ್ದಲ್ಲ, ಯೋಚಿಸಿದ್ದಲ್ಲ. ಬುದ್ಧಿ ಬೇರೆಯವರದು, ಕೈ ಮಾತ್ರ ಇವಳದು. ಇದನ್ನು ಅಲ್ಲಗಳೆಯಲು ಟಿಪ್ಟನ್-ಮಾರ್ಟಿನ್ ಉದ್ದದ ವಾದಕ್ಕೆ ಹೋಗುವುದಿಲ್ಲ. ಪುಸ್ತಕಗಳನ್ನು ಒಂದರ ಪಕ್ಕ ಒಂದು ಇಡುತ್ತಾರೆ.

1866ರಲ್ಲಿ ಮಿಷಿಗನ್ ರಾಜ್ಯದ ಪಾ ಪಾ ಎಂಬ ಊರಿನಲ್ಲಿ ಮಲಿಂಡಾ ರಸೆಲ್ ಅಚ್ಚು ಹಾಕಿಸಿದ ಸಣ್ಣ ಪುಸ್ತಕ ಈ ಸಾಲಿನಲ್ಲಿದೆ. ಕಪ್ಪು ಮಹಿಳೆಯೊಬ್ಬಳ ಅಡುಗೆ ಪುಸ್ತಕವಾಗಿ ನಮಗೆ ತಿಳಿದಿರುವ ಮೊದಲನೆಯದು ಅದೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಆಬಿ ಫಿಷರ್. ದಕ್ಷಿಣ ಕೆರೊಲಿನಾದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದಾಕೆ, ಅಂತರ್ಯುದ್ಧದ ನಂತರ ಸಂಸಾರ ಸಮೇತ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ಉಪ್ಪಿನಕಾಯಿ, ಸಾಸು, ಜಾಮುಗಳ ವ್ಯಾಪಾರಕ್ಕೆ ಇಳಿದವಳು. 1880ರಲ್ಲಿ ಆ ಊರಿನ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟಿನ ಮೇಳದಲ್ಲಿ ಆಕೆಯ ಉಪ್ಪಿನಕಾಯಿ ಮತ್ತು ಜೆಲ್ಲಿಗಳಿಗೆ ಪದಕ ಬಂತು. ಬಿಯರ್ಡ್ ಹುಟ್ಟುವುದಕ್ಕೆ ಇಪ್ಪತ್ತಮೂರು ವರ್ಷ ಮೊದಲಿನ ಮಾತಿದು. ಮರುವರ್ಷ ಆಕೆಯ ಪುಸ್ತಕ ಬಂತು. ಆಕೆಗೆ ಓದುಬರಹ ಬರುತ್ತಿರಲಿಲ್ಲ. ತನಗಾಗಲೀ ಗಂಡನಿಗಾಗಲೀ ವಿದ್ಯೆಯ ಅನುಕೂಲ ಸಿಗಲಿಲ್ಲವೆಂದು ಮುನ್ನುಡಿಯಲ್ಲಿ ತಾನೇ ಹೇಳಿಕೊಂಡಿದ್ದಾಳೆ. ಆಕೆ ಹೇಳಿದಳು, ಊರಿನ ಕೆಲವರು ಬರೆದುಕೊಂಡರು.

ಬರೆದುಕೊಂಡವರ ಕಿವಿ ಎಲ್ಲೆಲ್ಲಿ ತಪ್ಪಿತು ಎಂಬುದೂ ಪುಸ್ತಕದಲ್ಲಿ ಉಳಿದಿದೆ. ಜೋಳ ಮತ್ತು ಕಾಳು ಬೆರೆಸಿ ಮಾಡುವ ಸಕೊಟ್ಯಾಷ್ 'ಸರ್ಕಿಟ್ ಹ್ಯಾಷ್' ಎಂದು ಅಚ್ಚಾಗಿದೆ. ಜಂಬಲಾಯ ಎಂಬ ಅನ್ನದ ಅಡುಗೆ 'ಜಂಬರ್ಲಿ' ಆಗಿದೆ. ತೆಂಕಣ ಸೀಮೆಯ ಕಪ್ಪು ಹೆಂಗಸಿನ ಉಚ್ಚಾರ, ಪಡುವಣ ಕರಾವಳಿಯ ಬಿಳಿಯರ ಕಿವಿ, ಇವೆರಡರ ನಡುವೆ ಎಲ್ಲೋ ಆ ಪದ ಬಿದ್ದಿದೆ. ಜನಪದ ಕಾವ್ಯದ ಸಂಗ್ರಹಗಳನ್ನು ಓದಿದವರಿಗೆ ಈ ಸಂಕಟ ಹೊಸದಲ್ಲ. ನಮ್ಮಲ್ಲೂ ಎಷ್ಟೋ ಸಂಕಲನಗಳ ಮುಖಪುಟದಲ್ಲಿ ಸಂಗ್ರಾಹಕರ ಹೆಸರಿದ್ದು ಹಾಡಿದವಳ ಹೆಸರು ಒಳಗೂ ಸಿಗುವುದಿಲ್ಲ. ಫಿಷರಳ ಪುಸ್ತಕದಲ್ಲಿ ಅದು ತಿರುಗುಮುರುಗಾಗಿದೆ. ಮಿಸೆಸ್ ಫಿಷರಳಿಗೆ ಏನು ಗೊತ್ತು ಎಂಬುದೇ ಶೀರ್ಷಿಕೆ, ಬರೆದುಕೊಂಡವರು ಹಿಂದೆ ನಿಂತಿದ್ದಾರೆ. ಕೊನೆಯ ಅಡುಗೆ ಎಳೆಮಕ್ಕಳ ಗಂಜಿ. ಹನ್ನೊಂದು ಮಕ್ಕಳನ್ನು ಹೆತ್ತು ಅವರನ್ನೆಲ್ಲ ಇದರಲ್ಲೇ ಸಾಕಿದೆನೆಂದೂ ಇದು ತೆಂಕಣ ತೋಟಗಳ ಅಡುಗೆಯೆಂದೂ ಆಕೆ ಸೇರಿಸುತ್ತಾಳೆ. ಅಳತೆ, ಕಾವು, ಬೇಯುವ ಹೊತ್ತುಗಳ ನಡುವೆ ಒಂದು ಬದುಕೇ ಹೀಗೆ ತೂರಿ ಬಂದಿದೆ.

'ದಿ ಜೆಮೈಮಾ ಕೋಡ್' ಬಗ್ಗೆ ನನ್ನ ತಕರಾರು ಇಲ್ಲೇ ಶುರುವಾಗುತ್ತದೆ. ಇಷ್ಟು ರಸವತ್ತಾದ ಪುಸ್ತಕಕ್ಕೂ ಅದು ಕೊಡುವುದು ಒಂದೆರಡು ಪುಟ. ಸಾಲಾಗಿ ಓದುತ್ತ ಹೋದರೆ ಟಿಪ್ಪಣಿಗಳ ದನಿ ಒಂದೇ ಆಗುತ್ತದೆ, ಎಲ್ಲರೂ ಜಾಣೆಯರು, ಎಲ್ಲರೂ ಅಭಿಮಾನಪಡಬೇಕಾದವರು. ನೂರೈವತ್ತು ಪುಸ್ತಕಗಳಲ್ಲಿ ಒಂದಾದರೂ ಕೆಟ್ಟದ್ದಿರಲೇಬೇಕಲ್ಲ. ಶತಮಾನಗಳ ಅವಮಾನಕ್ಕೆ ಉತ್ತರ ಕೊಡಲು ಹೊರಟವರಿಗೆ ಟೀಕೆ ಮಾಡುವ ಬಿಡುವಿರುವುದಿಲ್ಲ ಎಂಬುದು ಅರ್ಥವಾಗುತ್ತದೆ, ಆದರೂ ಒಂದು ಪುಸ್ತಕವನ್ನು ಗಂಭೀರವಾಗಿ ತೆಗೆದುಕೊಳ್ಳುವುದೆಂದರೆ ಅದರೊಡನೆ ಜಗಳವಾಡುವುದೂ ಹೌದು. ಆಮೇಲೆ, 2019ರಲ್ಲಿ, ಅದೇ ಸಂಗ್ರಹದಿಂದ ಅಡುಗೆಗಳನ್ನು ಆರಿಸಿ ಲೇಖಕಿ 'ಜೂಬಿಲಿ' ತಂದರು. ಅದು ಮಾಡಿ ತಿನ್ನುವ ಪುಸ್ತಕ. ಬರಹವಾಗಿ ನನಗೆ ಮೊದಲಿನದೇ ಹೆಚ್ಚು.

2020ರ ಮೇ ತಿಂಗಳಲ್ಲಿ 'ಜೂಬಿಲಿ'ಗೂ ಬಿಯರ್ಡ್ ಪ್ರಶಸ್ತಿ ಬಂತು. ಅದೇ ವರ್ಷ ಆಗಸ್ಟಿನಲ್ಲಿ ಪ್ರತಿಷ್ಠಾನ ಶೆಫ್‌ಗಳ ಮತ್ತು ಹೋಟೆಲುಗಳ ಪ್ರಶಸ್ತಿಯನ್ನು ನಿಲ್ಲಿಸಿತು. ಹೇಳಿದ ಕಾರಣ ಕೊರೋನಾ. ಮತದಾನ ಮುಗಿದಿತ್ತು. ಗೆದ್ದವರಲ್ಲಿ ಒಬ್ಬರೂ ಕಪ್ಪು ಜನರಿರಲಿಲ್ಲ ಎಂಬುದನ್ನು ನ್ಯೂಯಾರ್ಕ್ ಟೈಮ್ಸ್ ಹೊರಗೆಡವಿತು. ಕಪ್ಪು ಅಡುಗೆಯವರ ಚರಿತ್ರೆಯನ್ನು ಪುಸ್ತಕದಲ್ಲಿ ಮೆಚ್ಚಿದ ಸಂಸ್ಥೆಗೆ ಒಲೆಯ ಮುಂದೆ ನಿಂತಿರುವ ಕಪ್ಪು ಅಡುಗೆಯವರು ಕಾಣಲಿಲ್ಲ. ಮುಂದಿನ ವರ್ಷವೂ ಆ ಪ್ರಶಸ್ತಿಗಳಿರಲಿಲ್ಲ. ನಿಯಮಗಳನ್ನು ತಿದ್ದಿಕೊಂಡು 2022ರಲ್ಲಿ ಮತ್ತೆ ಶುರುಮಾಡಿದರು. ಆ ವರ್ಷ ಅತ್ಯುತ್ತಮ ಹೋಟೆಲು ಎನಿಸಿಕೊಂಡದ್ದು ಉತ್ತರ ಕೆರೊಲಿನಾದ ಆಶ್‌ವಿಲ್‌ನಲ್ಲಿ ನಮ್ಮ ಬೀದಿ ತಿಂಡಿ ಮಾರುವ 'ಚಾಯ್ ಪಾನಿ'. 2025ರಲ್ಲಿ ನ್ಯೂಯಾರ್ಕಿನ 'ಸೆಮ್ಮ' ಹೋಟೆಲಿನ ತಮಿಳುನಾಡಿನ ವಿಜಯ್ ಕುಮಾರ್ ಆ ರಾಜ್ಯದ ಅತ್ಯುತ್ತಮ ಶೆಫ್ ಆದರು. ಗದ್ದೆಯ ಬಸವನಹುಳುವಿನ ಪಲ್ಯ ಮ್ಯಾನ್‌ಹಟನ್ನಿನ ಮೇಜಿಗೆ ಬಂದದ್ದು ದೊಡ್ಡ ಸಂಗತಿ. ದಕ್ಷಿಣ ಭಾರತದ ಊಟವೆಂದರೆ ಇಡ್ಲಿ, ದೋಸೆ, ಸಾಂಬಾರು ಎಂದು ಹೊರಗಿನವರಿಗೆ ನಂಬಿಸಿದವರು ನಾವೇ ಅಲ್ಲವೇ.

ಕನ್ನಡಕ್ಕೆ ಇಂಥ ಪ್ರಶಸ್ತಿ ಬೇಕೆಂದು ನಾನು ಕೇಳುತ್ತಿಲ್ಲ, ಇರುವ ಪ್ರಶಸ್ತಿಗಳೇ ಸಾಕಷ್ಟಿವೆ. ಕೊರತೆ ಇರುವುದು ಓದಿನಲ್ಲಿ. ಹನ್ನೊಂದನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆಗೆ ಒಂದು ಅಧ್ಯಾಯವಿದೆ. ಹದಿನಾರನೆಯ ಶತಮಾನದ ಆರಂಭದ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಬರೆದ. ಅಡುಗೆಯನ್ನು ಛಂದಸ್ಸಿಗೆ ಕೂರಿಸಿದ ಭಾಷೆಯಲ್ಲಿ ಇವತ್ತು ಅಡುಗೆ ಪುಸ್ತಕಗಳಿಗೆ ವಿಮರ್ಶೆಯ ಅಂಕಣದಲ್ಲಿ ಜಾಗವಿಲ್ಲ. ಭಾರತದ ಊಟದ ಚರಿತ್ರೆಯನ್ನು ಬರೆದ ಕೆ.ಟಿ. ಅಚಯ್ಯ ಕೊಳ್ಳೇಗಾಲದಲ್ಲಿ ಹುಟ್ಟಿದವರು, ಬರೆದದ್ದು ಇಂಗ್ಲಿಷಿನಲ್ಲಿ. ಅವರ ಹೆಸರು ನಮ್ಮ ಸಾಹಿತ್ಯದ ತರಗತಿಗಳಲ್ಲಿ ಬರುವುದೇ ಇಲ್ಲ.

ಟಿಪ್ಟನ್-ಮಾರ್ಟಿನ್ ಮಾಡಿದ ಕೆಲಸವನ್ನು ಇಲ್ಲಿ ಯಾರಾದರೂ ಮಾಡಹೊರಟರೆ ಅಚ್ಚಾದ ಪುಸ್ತಕಗಳಿಗಿಂತ ಮೊದಲು ನೋಟುಪುಸ್ತಕಗಳನ್ನು ಹುಡುಕಬೇಕಾದೀತು. ನನ್ನ ತಾಯಿಯ ಇನ್ನೂರು ಪುಟದ ರೂಲ್ಡ್ ಪುಸ್ತಕದಲ್ಲಿ ಅಡುಗೆಗಳಿಗೆ ಬರೀ ಹೆಸರಿಲ್ಲ. ಚಿಕ್ಕಮ್ಮನ ಹೀರೇಕಾಯಿ ಚಟ್ನಿ, ಮೈಸೂರತ್ತೆಯ ಪುಳಿಯೋಗರೆ ಗೊಜ್ಜು, ಎದುರುಮನೆಯವರ ಕೋಡುಬಳೆ (ಅಕ್ಕಿಹಿಟ್ಟು ಹುರಿಯದೆ), ಹೀಗೆ. ಯಾರಿಂದ ಬಂತು ಎಂಬುದನ್ನು ಮೊದಲು ಬರೆದು, ಆಮೇಲೆ ಎಷ್ಟು ಉಪ್ಪು ಎಂದು ಬರೆದಿದ್ದಾಳೆ.