ಒಂದು ಕ್ಯಾಮೆರಾ, ಒಂದು ಲೆನ್ಸು, ಏಳು ಹೆಜ್ಜೆ

ಆದಿಚುಂಚನಗಿರಿಯ ನವಿಲಿನ ಫೋಟೋವನ್ನು ನೀವು ಯಾವುದಾದರೂ ಕ್ಯಾಲೆಂಡರಿನಲ್ಲೋ ಮೊಬೈಲಿನಲ್ಲೋ ನೋಡಿಯೇ ಇರುತ್ತೀರಿ. ಗರಿ ಬಿಚ್ಚಿದ ಗಂಡು ನವಿಲು ಚೌಕಟ್ಟಿನ ತುಂಬ ನಿಂತಿರುತ್ತದೆ. ಹಿಂದೆ ಕಲಸಿಟ್ಟ ಬಣ್ಣದಂಥ ಮಸುಕು ಹಸಿರು. ಕತ್ತಿನ ನೀಲಿಯ ಎಳೆ ಎಳೆಯೂ ಸ್ಪಷ್ಟ. ತಪ್ಪು ಹುಡುಕುವಂತಿಲ್ಲ. ಆದರೆ ಅದು ಆದಿಚುಂಚನಗಿರಿಯದೇ ಎನ್ನುವುದಕ್ಕೆ ಕೆಳಗೆ ಅಚ್ಚಾದ ಹೆಸರು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಆ ನವಿಲು ಬಂಡೀಪುರದ್ದಾಗಿದ್ದರೂ ಚಿತ್ರ ಹಾಗೆಯೇ ಇರುತ್ತಿತ್ತು.

ನಾಗಮಂಗಲ ತಾಲೂಕಿನ ಈ ಬೆಟ್ಟವನ್ನು ನವಿಲುಧಾಮವೆಂದು ಘೋಷಿಸಿದ್ದು 1981ರಲ್ಲಿ. ಇಲ್ಲಿಯ ನವಿಲುಗಳ ವಿಶೇಷವೆಂದರೆ ಮನುಷ್ಯರ ನಡುವೆಯೇ ಅವುಗಳ ಬಾಳು. ಬಂಡೆ, ಮೆಟ್ಟಿಲು, ಕಾಲಭೈರವನ ಗುಡಿ, ಮಠದ ಕಟ್ಟಡಗಳು, ಜಾತ್ರೆಗೆ ಬಂದವರ ಗಂಟುಮೂಟೆ, ಇವೆಲ್ಲ ಅವುಗಳ ನೆರೆಹೊರೆ. ಉದ್ದನೆಯ ಲೆನ್ಸು ಈ ನೆರೆಹೊರೆಯನ್ನೇ ಒರೆಸಿ ಹಾಕಿ ನವಿಲನ್ನು ಯಾವುದೋ ಊರಿಲ್ಲದ ಕಾಡಿಗೆ ಅಟ್ಟಿಬಿಡುತ್ತದೆ.

ನಾನು ಅಲ್ಲಿಗೆ ಹೋದಾಗ ನನ್ನ ಕೈಯಲ್ಲಿದ್ದದ್ದು ಹಳೆಯದೊಂದು ಕ್ಯಾಮೆರಾ, ಅದಕ್ಕೆ ಐವತ್ತು ಎಂಎಂನ ಒಂದೇ ಲೆನ್ಸು. ಜೂಮ್ ಇಲ್ಲ. ಅದರಲ್ಲಿ ನವಿಲು ಕಂಡದ್ದು ಹೆಬ್ಬೆರಳಿನ ಉಗುರಿನಷ್ಟು. ಮೊದಲ ದಿನ ಬೇಸರವಾಯಿತು. ಎರಡನೆಯ ಸಲ ಹೋದಾಗ ಚಿತ್ರದಲ್ಲಿ ಉಳಿದ ಜಾಗದಲ್ಲಿ ಏನೇನಿದೆ ಎಂದು ನೋಡತೊಡಗಿದೆ. ಕಾಳು ಎರಚುತ್ತಿದ್ದ ಒಬ್ಬ ಮುದುಕಿ, ಮೆಟ್ಟಿಲ ಮೇಲೆ ಒಣಗಲು ಹಾಕಿದ ಪಂಚೆ, ಅದರಾಚೆ ಚಿಕ್ಕದಾಗಿ ನವಿಲು. ಕ್ಯಾಲೆಂಡರಿನವರು ಅದನ್ನು ಕೊಳ್ಳುವುದಿಲ್ಲ. ಆದರೆ ಅದು ಆದಿಚುಂಚನಗಿರಿ.

ಒಂದು ವರ್ಷ ಒಂದೇ ಕ್ಯಾಮೆರಾ, ಒಂದೇ ಲೆನ್ಸು ಬಳಸು, ನಿನ್ನ ಚಿತ್ರ ತಾನಾಗಿ ಸುಧಾರಿಸುತ್ತದೆ ಎನ್ನುವುದು ಫೋಟೋಗ್ರಫಿ ಕಲಿಸುವವರ ಹಳೆಯ ಮಾತು. ಇದನ್ನು ವ್ರತದಂತೆ ಬೋಧಿಸುವವರ ಬಗ್ಗೆ ನನಗೆ ಸ್ವಲ್ಪ ಗುಮಾನಿ. ಅವರ ಮನೆಯ ಬೀರುವಿನಲ್ಲಿ ಐದು ಲೆನ್ಸುಗಳಿರುತ್ತವೆ. ಉಳ್ಳವರ ಉಪವಾಸಕ್ಕೂ ಇಲ್ಲದವರ ಉಪವಾಸಕ್ಕೂ ವ್ಯತ್ಯಾಸವಿದೆ. ನಮ್ಮ ಹಿರಿಯರಿಗೆ ಇದು ವ್ರತವಾಗಿರಲಿಲ್ಲ, ಇದ್ದದ್ದೇ ಅಷ್ಟು.

ನಮ್ಮ ಮಾಮೂ ಬಳಿ ಒಂದು ಆಗ್ಫಾ ಕ್ಲಿಕ್ 3 ಇತ್ತು. ವಡೋದರಾದಲ್ಲಿ ತಯಾರಾಗುತ್ತಿದ್ದ ಆ ಕಪ್ಪು ಡಬ್ಬಿ ಒಂದು ಕಾಲಕ್ಕೆ ನಮ್ಮ ಮಧ್ಯಮವರ್ಗದ ಮನೆಗಳ ಕ್ಯಾಮೆರಾ. ಬಿಸಿಲಿಗೊಂದು, ಮೋಡಕ್ಕೊಂದು ಗುರುತು. ಫೋಕಸ್ ಮಾಡುವ ವ್ಯವಸ್ಥೆಯೇ ಇಲ್ಲ, ತೀರಾ ಹತ್ತಿರ ಬಂದರೆ ಮುಖ ಮಸುಕು. ಒಂದು ರೋಲಿಗೆ ಹನ್ನೆರಡು ಚಿತ್ರ. ಆ ಹನ್ನೆರಡರಲ್ಲಿ ಎರಡು ಈದ್, ಒಂದೆರಡು ಮದುವೆ, ಒಂದು ಹೊಸ ಕೂಸು ಎಲ್ಲವೂ ಬರಬೇಕು. ಮಾಮೂ ನಮ್ಮನ್ನು ಬಾಗಿಲ ಮುಂದೆ ನಿಲ್ಲಿಸಿ, ಬೆನ್ನು ತಿರುಗಿಸಿ ಏಳು ಹೆಜ್ಜೆ ಎಣಿಸಿ, ಮತ್ತೆ ನಮ್ಮ ಕಡೆ ತಿರುಗುತ್ತಿದ್ದರು. ಪ್ರತಿ ವರ್ಷವೂ ಏಳೇ ಹೆಜ್ಜೆ.

ಆ ಆಲ್ಬಮ್ಮನ್ನು ಇತ್ತೀಚೆಗೆ ತೆರೆದಾಗ ಒಂದು ವಿಷಯ ಗಮನಕ್ಕೆ ಬಂತು. ಎಲ್ಲ ಚಿತ್ರಗಳ ದೂರ ಒಂದೇ ಆದ್ದರಿಂದ ಬಾಗಿಲ ಚೌಕಟ್ಟು ಎಲ್ಲದರಲ್ಲೂ ಅದೇ ಅಳತೆ. ಅದರೆದುರು ನಾವು ಮಕ್ಕಳು ವರ್ಷ ವರ್ಷ ಎತ್ತರವಾಗುತ್ತ ಹೋದದ್ದು ಕಾಣುತ್ತದೆ. ಖಾಲಾ ಬಾಗುತ್ತ ಹೋದದ್ದೂ ಕಾಣುತ್ತದೆ. ಮಾಮೂಗೆ ಕಲೆಯ ಉದ್ದೇಶವೇನೂ ಇರಲಿಲ್ಲ. ಆದರೂ ನನ್ನ ಮೊಬೈಲಿನಲ್ಲಿರುವ ಸಾವಿರಾರು ಫೋಟೋಗಳಲ್ಲಿ, ಅದರ ಮೂರು ಲೆನ್ಸುಗಳ ನಡುವೆ ಬೆರಳಾಡಿಸಿ ತೆಗೆದವುಗಳಲ್ಲಿ, ನನ್ನ ಮಗಳು ಬೆಳೆದದ್ದನ್ನು ಹೀಗೆ ಅಳೆಯಲಾಗುವುದಿಲ್ಲ.

ಒಂದೇ ಲೆನ್ಸಿನ ಲಾಭ ನಿಜವಾಗಿ ಇಲ್ಲಿದೆ. ಪೂರ್ಣ ಅಳತೆಯ ಕ್ಯಾಮೆರಾದಲ್ಲಿ ಐವತ್ತರ ಲೆನ್ಸು ಹತ್ತು ಅಡಿ ದೂರದಲ್ಲಿ ಅಡ್ಡಕ್ಕೆ ಸುಮಾರು ಏಳು ಅಡಿ, ಎತ್ತರಕ್ಕೆ ಐದಡಿಗಿಂತ ತುಸು ಕಡಿಮೆ ಜಾಗವನ್ನು ಹಿಡಿಯುತ್ತದೆ. (ಸಾಮಾನ್ಯವಾಗಿ ಸಿಗುವ ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ ಇಷ್ಟೇ ಹಿಡಿಯಲು ಮೂವತ್ತೈದರ ಲೆನ್ಸು ಬೇಕು.) ಇದು ಬಾಯಿಪಾಠ ಮಾಡುವ ಲೆಕ್ಕವಲ್ಲ, ಎರಡು ಮೂರು ತಿಂಗಳಲ್ಲಿ ಕಾಲಿಗೆ ಅಭ್ಯಾಸವಾಗುತ್ತದೆ. ಕ್ಯಾಮೆರಾ ಎತ್ತುವ ಮೊದಲೇ ಏನು ಒಳಗೆ, ಏನು ಹೊರಗೆ ಎಂದು ಬರಿಗಣ್ಣಿಗೆ ಗೊತ್ತಾಗುತ್ತದೆ. ಜೂಮ್ ಇದ್ದವನು ನಿಂತಲ್ಲೇ ನಿಂತು ಚೌಕಟ್ಟನ್ನು ಬದಲಿಸುತ್ತಾನೆ. ಆದರೆ ವಸ್ತು ವಸ್ತುಗಳ ನಡುವಿನ ಸಂಬಂಧ, ಯಾವುದು ಯಾವುದರ ಮುಂದೆ, ಯಾವುದು ಎಷ್ಟು ದೊಡ್ಡದು ಎನ್ನುವುದು ಬದಲಾಗಬೇಕಾದರೆ ನಿಂತ ಜಾಗವನ್ನೇ ಬದಲಿಸಬೇಕು.

ರಂಜಾನ್ ಹಬ್ಬದ ಮರುದಿನ ಪತ್ರಿಕೆಗಳಲ್ಲಿ ಬರುವ ಈದ್ಗಾ ಚಿತ್ರವನ್ನು ನೆನಪಿಸಿಕೊಳ್ಳಿ. ಎತ್ತರದಲ್ಲಿ, ದೂರದಲ್ಲಿ ನಿಂತು ಉದ್ದ ಲೆನ್ಸಿನಿಂದ ತೆಗೆದದ್ದು. ದೂರದಿಂದ ನೋಡಿದಾಗ ಸಾಲು ಸಾಲುಗಳ ನಡುವಿನ ಅಂತರ ಕುಗ್ಗಿ ಬೆನ್ನಿಗೆ ಬೆನ್ನು ಅಂಟಿದಂತೆ ಕಾಣುತ್ತದೆ. ಮುನ್ನೂರು ಜನ ಸೇರುವ ನಮ್ಮೂರಿನ ಈದ್ಗಾ ಕೂಡ ಸಮುದ್ರದಂತೆ ಕಂಡದ್ದುಂಟು. ಸಮುದ್ರಕ್ಕೆ ಮುಖವಿರುವುದಿಲ್ಲ. ಜಾತ್ರೆಯ ಚಿತ್ರಗಳಿಗೂ ಇದೇ ಗತಿ, ಅಲ್ಲಿ ತಲೆಗಳು, ಇಲ್ಲಿ ಬೆನ್ನುಗಳು. ಛಾಯಾಗ್ರಾಹಕರಿಗೆ ದುರುದ್ದೇಶವಿದೆ ಎಂದು ನಾನು ಹೇಳುವುದಿಲ್ಲ, ಅವರಿಗೆ ಸಮಯವಿರುವುದಿಲ್ಲ. ಆದರೆ ಐವತ್ತರ ಲೆನ್ಸು ಹಿಡಿದವನು ಅದೇ ಈದ್ಗಾಕ್ಕೆ ಬಂದರೆ ಚಪ್ಪಲಿ ಬಿಡುವ ಜಾಗದವರೆಗಾದರೂ ಬರಲೇಬೇಕು. ಬಂದರೆ ಯಾರಾದರೂ ಮಾತಾಡಿಸುತ್ತಾರೆ, ಶೀರ್‌ಕುರ್ಮಾ ಕುಡಿದು ಹೋಗಿ ಎನ್ನುತ್ತಾರೆ. ಉರ್ದುವಿನಲ್ಲಿ ನಾವು ತಸ್ವೀರನ್ನು 'ಖೀಂಚ್'ತೇವೆ, ಅಂದರೆ ಎಳೆಯುತ್ತೇವೆ. ಕನ್ನಡದಲ್ಲಿ ಫೋಟೋ 'ಹಿಡಿ'ಯುತ್ತೇವೆ. ಎಳೆಯುವುದು ದೂರದಿಂದಲೂ ಆಗುತ್ತದೆ, ಹಿಡಿಯಲು ಕೈಗೆ ಎಟುಕಬೇಕು.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪುಬಿಳುಪು ಚಿತ್ರಗಳು ಇಲ್ಲಿ ನೆನಪಾಗುತ್ತವೆ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಸತ್ಯನ್ ಒಂದೇ ಲೆನ್ಸಿನ ವ್ರತಧಾರಿ ಎಂದು ನಾನು ವಾದಿಸುತ್ತಿಲ್ಲ, ಪತ್ರಿಕೆಗಳಿಗೆ ದುಡಿಯುವವರು ಅಂಥ ವ್ರತ ಹಿಡಿದರೆ ಹೊಟ್ಟೆ ತುಂಬದು. ಆದರೆ ಅವರ ಮಕ್ಕಳನ್ನು ನೋಡಿದಾಗ ತೆಗೆದವರು ಎಲ್ಲಿ ನಿಂತಿದ್ದರು ಎಂದು ತಿಳಿಯುತ್ತದೆ. ಮಾತಾಡುವ ದೂರದಲ್ಲಿ. ಕಾರ್ಟಿಯೇ ಬ್ರೆಸೋನ್ ತನ್ನ ಬದುಕಿನ ಬಹುಪಾಲು ಕೆಲಸವನ್ನು ಲೈಕಾ ಮತ್ತು ಐವತ್ತರ ಲೆನ್ಸಿನಲ್ಲೇ ಮುಗಿಸಿದ. 1948ರ ಜನವರಿ 30ರಂದು, ಹತ್ಯೆಗೆ ಸ್ವಲ್ಪ ಮುಂಚೆ ಗಾಂಧೀಜಿಯನ್ನು ಭೇಟಿಯಾಗಿದ್ದವರಲ್ಲಿ ಅವನೂ ಒಬ್ಬ.

ಇಷ್ಟು ಹೇಳಿ ರಂಗನತಿಟ್ಟಿನ ಬಗ್ಗೆ ಹೇಳದಿದ್ದರೆ ವಂಚನೆಯಾಗುತ್ತದೆ. ಸಲೀಂ ಅಲಿಯವರ ಸಲಹೆಯಿಂದ 1940ರಲ್ಲಿ ಪಕ್ಷಿಧಾಮವಾದ ಈ ನಡುಗಡ್ಡೆಗಳಲ್ಲಿ ಮರಿ ಮಾಡಿದ ಕೊಕ್ಕರೆಯ ಹತ್ತಿರಕ್ಕೆ ಐವತ್ತರ ಲೆನ್ಸು ಹಿಡಿದು ಹೋಗುತ್ತೇನೆನ್ನುವುದು ಒರಟುತನ. ತಾಯಿ ಗೂಡು ಬಿಟ್ಟು ಹಾರುತ್ತದೆ, ಮರಿ ಬಿಸಿಲಿಗೆ ಬೇಯುತ್ತದೆ. ಅಲ್ಲಿ ಉದ್ದ ಲೆನ್ಸೇ ಸಭ್ಯತೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರ ಹಕ್ಕಿಚಿತ್ರಗಳ ಹಿಂದೆ ಇದ್ದದ್ದು ಮರೆಯಲ್ಲಿ ಕೂತು ಕಾಯುವ ತಾಳ್ಮೆ. ನಾನು ದೋಣಿಯಲ್ಲಿ ಕೂತು ಬರಿಗಣ್ಣಿನಿಂದ ನೋಡಿ ಬಂದೆ. ಒಂದೇ ಲೆನ್ಸಿನವನು ಬಿಟ್ಟುಕೊಡಬೇಕಾದ ಚಿತ್ರಗಳು ಬಹಳ, ಅದಕ್ಕೆ ಮನಸ್ಸು ಮಾಡದವನು ಜೂಮ್ ಕೊಳ್ಳುವುದೇ ಒಳ್ಳೆಯದು.

ಪಾಂಡವಪುರದ ಕಡೆಯ ಒಂದು ಆಲೆಮನೆಗೆ ನಾನು ಐದು ಸಲ ಹೋದೆ. ಕೊಪ್ಪರಿಗೆ, ಅದರ ಹಬೆ, ಪಾಕ ತಿರುವುವ ಯಜಮಾನರು, ಮೂರೂ ಒಂದೇ ಚೌಕಟ್ಟಿಗೆ ಬರುತ್ತಿರಲಿಲ್ಲ. ಹಿಂದೆ ಸರಿದರೆ ಒಣಗಿದ ಕಬ್ಬಿನ ಸಿಪ್ಪೆಯ ಮೆದೆ ಬೆನ್ನಿಗೆ ತಾಗುತ್ತಿತ್ತು. "ಅಲ್ಲಿ ನಿಂತ್ಕಂಡ್ರೆ ಏನ್ ಕಾಣ್ತದೆ ಸಾಬ್ರೇ, ಈ ಕಡೀಕ್ ಬನ್ನಿ" ಎಂದು ಅವರೇ ಕರೆದು, ಎಲೆಯ ಮೇಲೆ ಬಿಸಿ ಪಾಕ ಹಾಕಿ ಕೊಟ್ಟರು. ಹತ್ತಿರ ಹೋದರೆ ಹಬೆಗೆ ಲೆನ್ಸು ಮಂಜಾಯಿತು. ಒರೆಸಿ ತೆಗೆದದ್ದರಲ್ಲಿ ಬಂದದ್ದು ಅವರ ಎರಡು ಕೈ, ಉದ್ದನೆಯ ಹುಟ್ಟು, ಮಿಕ್ಕದ್ದೆಲ್ಲ ಹಬೆ. ನನಗೆ ಅದು ಆ ವರ್ಷದ ಒಳ್ಳೆಯ ಚಿತ್ರ ಅನ್ನಿಸಿತು. ಪ್ರಿಂಟ್ ಹಾಕಿಸಿಕೊಂಡು ಹೋಗಿ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ, "ನನ್ ಮೊಕ ಎಲ್ಲೈತೆ?" ಎಂದರು.

ಒಳಗೆ ಹೋಗಿ ಬಿಳಿ ಅಂಗಿ ತೊಟ್ಟುಕೊಂಡು, ತಲೆ ಬಾಚಿಕೊಂಡು ಬಂದು ಕೊಪ್ಪರಿಗೆಯ ಪಕ್ಕ ನೆಟ್ಟಗೆ ನಿಂತರು. ಅವರು ಅಡಿಯಿಂದ ಮುಡಿಯವರೆಗೆ ಬರಬೇಕಾದರೆ ನಾನು ಚಪ್ಪರದಿಂದ ಹೊರಗೆ, ಬಿಸಿಲಿಗೆ ಹೋಗಬೇಕಾಯಿತು.