‘ಶೋಷಣೆ’: ಒಂದು ಶಬ್ದವಿಚಾರ

ಈಚಿನ ನಮ್ಮ ವಿಮರ್ಶೆಯಲ್ಲಿ ‘ಶೋಷಣೆ’ಯಷ್ಟು ದುಡಿಮೆಗೆ ಗುರಿಯಾದ ಶಬ್ದ ಮತ್ತೊಂದಿರಲಾರದು. ಸುಲಿಗೆ, ವಂಚನೆ, ದಬ್ಬಾಳಿಕೆ ಎಲ್ಲವನ್ನೂ ಅದೊಂದರಿಂದಲೇ ಹೇಳಿ ಮುಗಿಸುತ್ತೇವೆ. ಇದು ಸಾಧುವೇ ಎಂಬುದು ವಿಚಾರಣೀಯ.

‘ಶುಷ್’ ಧಾತುವಿಗೆ ಒಣಗು ಎಂದರ್ಥ, ‘ಶೋಷಣ’ವೆಂದರೆ ಒಣಗಿಸುವಿಕೆ. ಅಮರಸಿಂಹನು ‘ಶೋಷ’ವನ್ನು ಕ್ಷಯದ ಪರ್ಯಾಯಪದವಾಗಿ ಎಣಿಸಿದ್ದಾನೆ, ಮನ್ಮಥನ ಪಂಚಬಾಣಗಳಲ್ಲಿಯೂ ಶೋಷಣವೊಂದು. ಎರಡೆಡೆಯಲ್ಲಿಯೂ ಗಾಯ ಕಾಣದು, ಒಳಗಿನ ಸಾರ ಕುಂದುತ್ತದೆ. ಇದಕ್ಕೆ ಆರ್ಥಿಕವಾದ ಅರ್ಥ ಬಂದದ್ದು ಆಧುನಿಕ ಕಾಲದಲ್ಲಿ, ‘ಎಕ್ಸ್‌ಪ್ಲಾಯ್ಟೇಶನ್’ ಎಂಬುದಕ್ಕೆ ಸಂವಾದಿಯಾಗಿ. ಆ ಶಬ್ದದ ಮೂಲವೋ ಬಿಚ್ಚು, ಬಿಡಿಸು ಎಂಬರ್ಥದ ಲ್ಯಾಟಿನ್ ಪದ. ಫ್ರೆಂಚಿನಲ್ಲಿ ಇಂದಿಗೂ ಹೊಲದ ಸಾಗುವಳಿಗೆ ಅದೇ ಹೆಸರು. 1829ರ ಸುಮಾರಿಗೆ ಸ್ಯಾಂ ಸಿಮೋನನ ಅನುಯಾಯಿಗಳು ಮನುಷ್ಯನು ಮನುಷ್ಯನನ್ನು ದುಡಿಸಿಕೊಳ್ಳುವುದಕ್ಕೆ ಅದನ್ನು ಅನ್ವಯಿಸಿದರು; ನಿಂದೆಯ ಅರ್ಥ ಬಲಗೊಂಡದ್ದು ಆಮೇಲೆ. ಆದುದರಿಂದ ಗಣಿಯನ್ನು ‘ಶೋಷಿಸಿದರು’ ಎಂದು ಬರೆಯುವ ಅನುವಾದಕನು ಎಡವಿದನೆಂದೇ ಹೇಳಬೇಕು.

ಮರಾಠಿಗರಲ್ಲಿ ‘ಶೋಷಣ’ದೊಡನೆ ‘ಪಿಳವಣೂಕ’ ಎಂಬ ದೇಶ್ಯವೂ ಉಂಟು. ‘ಪಿಳಣೆ’ ಎಂದರೆ ಹಿಂಡುವುದು. ಧನಕವಡಿಯ ರಸವಂತಿಯ ಮುಂದೆ ನಿಂತು, ಕಬ್ಬಿನ ಸಿಪ್ಪೆಯನ್ನು ಮಡಿಸಿ ಮಡಿಸಿ ಗಾಣಕ್ಕೆ ಕೊಡುವುದನ್ನು ನೋಡಿದವರಿಗೆ ಆ ಶಬ್ದಕ್ಕೆ ಬೇರೆ ವ್ಯಾಖ್ಯಾನ ಬೇಡ. ನಮ್ಮ ‘ಸುಲಿಗೆ’ ಇದಲ್ಲ. ಸುಲಿದ ತೊಗಟೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಶೋಷಣೆಗೆ ಒಣಗುವವನ ರುಜುವೇ ಸಾಕ್ಷಿಯಾಗಿರುತ್ತದೆ.

ಇದಕ್ಕೆ ನಿದರ್ಶನ ದೂರದ್ದಲ್ಲ. 1875ರ ಮೇ 12ರಂದು ಇದೇ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದರು. ಅಲ್ಲಿಂದ ಹಬ್ಬಿದ ದಂಗೆಯಲ್ಲಿ ಅವರು ಮುಖ್ಯವಾಗಿ ಅರಸಿದ್ದು ಪ್ರಾಣವನ್ನಲ್ಲ, ಸಾಲಪತ್ರಗಳನ್ನು, ಸಿಕ್ಕವನ್ನು ಸುಟ್ಟರು. ಬಡ್ಡಿಯ ಲೆಕ್ಕವನ್ನೇ ಉದ್ಯೋಗವಾಗಿಸಿಕೊಂಡ ನನ್ನಂಥವನಿಗೆ ಇದು ಹಿತವಾದ ಓದಲ್ಲ. ಪತ್ರ ಕ್ರಮಬದ್ಧವಾಗಿತ್ತು, ರುಜು ನಿಜವಾಗಿತ್ತು. ನೆಲ ಮಾತ್ರ ಕೈತಪ್ಪುತ್ತಿತ್ತು. 1879ರ ದಖ್ಖನ್ ಕೃಷಿಕರ ಪರಿಹಾರ ಕಾಯಿದೆಯು ಪತ್ರವನ್ನಷ್ಟೇ ನಂಬದೆ, ವ್ಯವಹಾರದ ಪೂರ್ವೇತಿಹಾಸವನ್ನು ಮೊದಲಿನಿಂದ ಶೋಧಿಸುವಂತೆ ನ್ಯಾಯಾಲಯಕ್ಕೆ ವಿಧಿಸಿತು.

ಸಾಲವೆಲ್ಲ ಶೋಷಣೆಯೇ ಎಂದು ಕೇಳುವವರಿದ್ದಾರೆ. ‘ರಘುವಂಶ’ದ ದಿಲೀಪನು ಕರವೆತ್ತುವುದನ್ನು ಕಾಳಿದಾಸನು ಸೂರ್ಯನು ನೀರು ಹೀರುವುದಕ್ಕೆ ಹೋಲಿಸಿದ್ದಾನೆ, ಹೀರಿದ್ದು ಮಳೆಯಾಗಿ, ಹೆಚ್ಚಾಗಿ, ಮರಳುತ್ತದೆ. ಹೀರುವುದೇ ದೋಷವಲ್ಲ, ಮರಳದಿರುವುದು ದೋಷ. ಚಾಟಿ ಹಿಡಿದ ಜಮೀನುದಾರನನ್ನು ಕಂಡೊಡನೆ ‘ಶೋಷಣೆಯ ಕಥೆ’ ಎಂದು ಹಣೆಪಟ್ಟಿ ಕಟ್ಟುವ ವಿಮರ್ಶಕರು, ಅದೇ ಕಥೆಯ ಮೂಲೆಯಲ್ಲಿ ನಗುನಗುತ್ತ ಖಾತೆ ಬರೆಯುವ ಗುಮಾಸ್ತನನ್ನೂ ಒಮ್ಮೆ ನೋಡಬೇಕು.